ನೋಮುಲು ಕಜ್ಜಾಯದ ಆರ್ಡರು

ಐಡಿಯಾ ಅನ್ನುವುದು ನಮ್ಮ ಕಡೆ ಯಾರಿಗೂ ಕಡಿಮೆಯಿಲ್ಲ. ನನ್ನ ಗೆಳತಿ ದಿವ್ಯಳ ಗಂಡ ಸಂಪತ್ ಒಬ್ಬನೇ ಸಾಕು, ಇಡೀ ರಾಜರಾಜೇಶ್ವರಿನಗರಕ್ಕೆ ಹಂಚುವಷ್ಟು ಐಡಿಯಾ ಅವನ ತಲೆಯಲ್ಲಿತ್ತು. ಒಂದು ಸಲ ಕಾರು ತೊಳೆಯುವ ಸೆಂಟರು, ಇನ್ನೊಂದು ಸಲ ನಾಟಿ ಕೋಳಿ ಫಾರಂ, ಆಮೇಲೆ ಟೆರೇಸಿನ ಮೇಲೆ ಕ್ರಿಕೆಟ್ ನೆಟ್ಟು. ಪ್ರತಿ ಸಲವೂ ಗಣಪತಿ ಹೋಮ, ಬೂದುಗುಂಬಳಕಾಯಿ, ಬಣ್ಣದ ಬೋರ್ಡು, ಸ್ಟೇಟಸ್ಸಿಗೆ ಫೋಟೋ. ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಅದೇ ಬೋರ್ಡು ಮನೆಯ ಹಿಂದೆ ನೀರಿನ ಸಂಪಿಗೆ ಮುಚ್ಚಳವಾಗಿರುತ್ತಿತ್ತು. ಹೊಲಗಳೆಲ್ಲ ಲೇಔಟಾಗಿ, ಬಾಡಿಗೆ ಮನೆಗಳು ಎದ್ದು ನಿಂತ ಸಂಸಾರ ಅದು. ಸೋತರೆ ಸೋತರು, ಮಾರನೆಯ ದಿನ ಇನ್ನೊಂದು ಐಡಿಯಾ.

ನಮ್ಮದು ಹಾಗಲ್ಲ. ನಾನು ಶಶಿಕಲಾ, ಬಾಪೂಜಿನಗರದ ಒಂದು ವಠಾರದಲ್ಲಿ ವಾಸ. ಗಂಡ ಮಹದೇವ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಾನು ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡವಳು. ಜೀವನದಲ್ಲಿ ನನಗೆ ಬಂದಿದ್ದು ಒಂದೇ ಐಡಿಯಾ, ಅದೂ ಆ ಕೌಂಟರಿನಲ್ಲೇ. ಹಬ್ಬ ಹತ್ತಿರ ಬಂತೆಂದರೆ ಫ್ಲ್ಯಾಟಿನ ಹೆಂಗಸರು ಬಂದು "ಕಜ್ಜಾಯ ಇದ್ಯಾ?" ಎಂದು ಕೇಳುತ್ತಿದ್ದರು. ನಾವು ಮಾರುತ್ತಿದ್ದ ಪ್ಯಾಕೆಟ್ಟಿನ ಕಜ್ಜಾಯವೋ, ಕಚ್ಚಿದರೆ ಹಲ್ಲೇ ಅಲ್ಲಾಡಬೇಕು. ಅವರು ಅದನ್ನೇ ಮುಖ ಹಿಂಡಿಕೊಂಡು ಕೊಳ್ಳುತ್ತಿದ್ದರು. ನಮ್ಮಮ್ಮ ಚಿಕ್ಕಗಂಗಮ್ಮನ ಕೈಯಲ್ಲಿ ಕಲಿತ ನನಗೆ ಕಜ್ಜಾಯ ಸುಡಲು ಬರುತ್ತದೆ, ಇವರಿಗೆ ತಿನ್ನಲು ಬೇಕು, ನಡುವೆ ಈ ದರಿದ್ರ ಪ್ಯಾಕೆಟ್ ಯಾಕೆ ಅನ್ನಿಸಿತು. ಅಷ್ಟೇ ನನ್ನ ಐಡಿಯಾ.

ದಿವ್ಯ ನನಗೆ ವಿಜಯನಗರದ ಕಾಲೇಜಿನಲ್ಲಿ ಪಿಯುಸಿ ಜೊತೆ. ಆಗ ನಾನು ಡಬ್ಬಿಯಲ್ಲಿ ತಂದ ಕಜ್ಜಾಯವನ್ನು ನನಗೇ ಉಳಿಸದೆ ತಿನ್ನುತ್ತಿದ್ದವಳು. ವಿಷಯ ಹೇಳಿದ ತಕ್ಷಣ ಕುಣಿದಳು.

"ನಮ್ಮನೆ ಹಿಂದೆ ಹಳೇ ಕೊಟ್ಟಿಗೆ ಖಾಲಿ ಬಿದ್ದಿದೆ ಕಣೇ. ಟೈಲ್ಸ್ ಹಾಕ್ಸಿ ಅಡಿಗೆಮನೆ ಮಾಡ್ಕೊಳಣ. ನೀನು ಮಾಡು, ನಾನು ಮಾರ್ತೀನಿ. ಹೆಸರು ಶಶಿದಿವ್ಯ ಕಜ್ಜಾಯ. ಹೆಂಗಿದೆ?"

ಹೆಸರಿನಲ್ಲಿ ಮೊದಲು ನನ್ನದೇ ಇಟ್ಟಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು. ಹುಚ್ಚಿ ನಾನು.

ಕಜ್ಜಾಯ ಅವಸರದವರ ತಿಂಡಿಯಲ್ಲ. ಅಕ್ಕಿ ನೆನೆಸಿ, ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರಡಬೇಕು. ಪೂರ್ತಿ ಒಣಗಲೂ ಬಾರದು, ಒದ್ದೆಯೂ ಇರಬಾರದು. ಹಸಿ ಹಿಟ್ಟು ಬೀಸಿಕೊಡಲು ಮಿಲ್ಲಿನವರು ಕಲ್ಲು ಕಟ್ಟಿಕೊಳ್ಳುತ್ತದೆ ಎಂದು ಬೈಯುತ್ತಾರೆ. ಬೆಲ್ಲದ ಪಾಕ ಒಂಚೂರು ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಚೆಲ್ಲಾಪಿಲ್ಲಿ, ಒಂಚೂರು ಬಲಿತರೆ ಕಲ್ಲು. ಪಾಕಕ್ಕೆ ಹಿಟ್ಟು ಕಲಸಿ, ಎಳ್ಳು ಗಸಗಸೆ ಏಲಕ್ಕಿ ಹಾಕಿ, ಮುಚ್ಚಿಟ್ಟು, ಅದು ತಾನಾಗಿ ಹದಕ್ಕೆ ಬರುವವರೆಗೆ ದಿನಗಟ್ಟಲೆ ಕಾಯಬೇಕು. ಸಂಪತ್ ಆಗಾಗ ಬಂದು ಇಣುಕಿ, "ಇದಕ್ಕೊಂದು ಮೆಷಿನ್ ತಂದ್ರೆ ಹೆಂಗೆ ಅಕ್ಕ?" ಎನ್ನುತ್ತಿದ್ದ. ನಿನ್ನ ತಲೆ ಎಂದುಕೊಂಡು ಪಾಕ ತಿರುವುತ್ತಿದ್ದೆ.

ಮೊದಲ ದೀಪಾವಳಿಗೆ ಡಬ್ಬದ ತಳದಿಂದ ಎಣ್ಣೆ ಸೋರಿ ಯಾರದೋ ಸೋಫಾ ಹಾಳಾಯಿತು. ಎರಡನೆಯ ವರ್ಷ ಬೆಲ್ಲ ಕೈಕೊಟ್ಟಿತು. ಬಾಣಲೆ ಬಾಣಲೆ ಕಜ್ಜಾಯ ಪುಡಿಪುಡಿಯಾಯಿತು. ದಿವ್ಯ ಕೂತು ಅತ್ತಳು, ಬಿಟ್ಟುಬಿಡೋಣ ಅಂದಳು. ನಾನು ಬಿಡಲಿಲ್ಲ. ಬೆಲ್ಲದವನನ್ನು ಬದಲಾಯಿಸಿದೆ, ರಾಜಾಜಿನಗರದ ಡಬ್ಬ ಮಾಡುವವನ ಹತ್ತಿರ ಜಗಳಾಡಿ ಒಳಗೆ ಬೆಣ್ಣೆ ಕಾಗದ ಹಾಕಿಸಿದೆ, ಫುಡ್ ಲೈಸೆನ್ಸಿಗೆ ಅಲೆದೆ. ಭಾನುವಾರ ಅಪಾರ್ಟ್‌ಮೆಂಟುಗಳ ಗೇಟಿನೊಳಗೆ ಮೇಜು ಹಾಕಿಕೊಂಡು ಬಿಸಿಲಲ್ಲಿ ನಿಂತೆ. ಪಕ್ಕದ ಲೇಔಟಿನ ಲತಾ ಎಂಬ ಹೆಂಗಸನ್ನು ಕೆಲಸಕ್ಕೆ ತೆಗೆದುಕೊಂಡು, ಪಾಕ ನೋಡುವುದರಿಂದ ಹಿಡಿದು ಎಣ್ಣೆ ಒತ್ತಿ ತೆಗೆಯುವುದರವರೆಗೆ ಕಲಿಸಿದೆ. "ಎಲ್ಲಾ ಯಾಕೆ ಹೇಳ್ಕೊಡ್ತಿಯಾ?" ಎಂದು ಮಹದೇವ್ ಬೈದ. ನಾನೊಬ್ಬಳು ಜ್ವರ ಬಂದು ಮಲಗಿದರೆ ನಿಂತುಹೋಗುವುದು ಬಿಸಿನೆಸ್ಸೇ ಅಲ್ಲ ಎಂದು ವಾದ ಮಾಡಿದೆ.

ಇನ್ನೊಂದು ಪದ್ಧತಿ ಇಟ್ಟುಕೊಂಡಿದ್ದೆ. ಆರ್ಡರು ಕೊಟ್ಟವರಿಗೆ ನಾನೇ ಫೋನು ಮಾಡುತ್ತಿದ್ದೆ. ಕಳಿಸುವ ಮುಂಚೆ ಒಂದು ಸಲ, ಎಷ್ಟು ಹೊತ್ತಿಗೆ ಬೇಕು ಎಂದು. ತಿಂದಾದ ಮೇಲೆ ಒಂದು ಸಲ, ಹೇಗಿತ್ತು ಎಂದು. ಗಿರಾಕಿಗಳು ಅದಕ್ಕೇ ಮರುಳಾಗುತ್ತಿದ್ದರು. "ಅಂಗಡಿಯೋರು ಫೋನ್ ಮಾಡಿ ಕೇಳೋದು ಎಲ್ಲಾದ್ರೂ ಉಂಟಾ!" ಎಂದು ನಾಲ್ಕು ಜನಕ್ಕೆ ಹೇಳುತ್ತಿದ್ದರು. ಆ ನಾಲ್ಕು ಜನ ನಮಗೆ ಬರುತ್ತಿದ್ದರು.

ಹಾಗೆ ನಿಧಾನಕ್ಕೆ ಕುದುರಿತು. ನಾನು ಸೂಪರ್ ಮಾರ್ಕೆಟ್ ಬಿಟ್ಟೆ. ಕಳೆದ ವರ್ಷ ಗೌರಿ ಹಬ್ಬದ ಹೊತ್ತಿಗೆ ಅನ್ನಪೂರ್ಣೇಶ್ವರಿ ನಗರದಲ್ಲಿ ಒಂದು ಅಂಗಡಿ ನೋಡಿದೆವು, ಮೂಲೆ ಅಂಗಡಿ, ಎದುರಿಗೇ ಬಸ್ ಸ್ಟಾಪು. ದೀಪಾವಳಿ ಚೆನ್ನಾಗಿ ಆದರೆ ಕಾರ್ತಿಕದಲ್ಲಿ ಬಾಗಿಲು ತೆರೆಯುವುದು ಎಂದು ಮಾತಾಯಿತು. ಬೋರ್ಡಿನ ಡಿಸೈನು ಮೊಬೈಲಿಗೆ ಬಂತು. ಕೆಂಪು ಅಕ್ಷರದಲ್ಲಿ ಶಶಿದಿವ್ಯ. ನನ್ನ ಮಗಳು ಧನ್ಯಶ್ರೀ ಅದನ್ನು ಶಾಲೆಯ ಗೆಳತಿಯರಿಗೆಲ್ಲ ಕಳಿಸಿದಳು. ಬಾಪೂಜಿನಗರದ ವಠಾರದಿಂದ ಬಂದು ಮೇನ್ ರೋಡಿನಲ್ಲಿ ಹೆಸರು ಹಾಕಿಸಿಕೊಳ್ಳುತ್ತೇನೆ ಎಂದು ನನಗೂ ಜಂಬ ಬಂದಿತ್ತು, ಯಾಕೆ ಸುಳ್ಳು ಹೇಳಲಿ. ಆ ಅಂಗಡಿ ಬಿಟ್ಟರೆ ನನಗೆ ಬೇರೆ ಏನೂ ಕಾಣುತ್ತಿರಲಿಲ್ಲ.

ನೋಮುಲು ಕಜ್ಜಾಯದ ಯೋಚನೆ ದಿವ್ಯಳದು. ದೀಪಾವಳಿ ಅಮಾವಾಸ್ಯೆಗೆ ಅವರಂಥ ಎಷ್ಟೋ ಮನೆಗಳಲ್ಲಿ ಕೇದಾರೇಶ್ವರನ ನೋಮುಲು ವ್ರತ ಇರುತ್ತದೆ. ಮನೆಯ ಹೆಂಗಸು ತಲೆಗೆ ನೀರು ಹಾಕಿಕೊಂಡು, ಉಪವಾಸವಿದ್ದು, ಮಡಿಯಲ್ಲಿ ಕಜ್ಜಾಯ ಸುಟ್ಟು, ದೇವರ ಮುಂದಿಟ್ಟು ಕೈಗೆ ನೋಮುದಾರ ಕಟ್ಟಿಕೊಳ್ಳಬೇಕು. ಈಗ ಆಫೀಸಿಗೆ ಹೋಗುವವರಿಗೆ ಅದೆಲ್ಲಿ ಸಾಧ್ಯ? ಮಡಿಯಲ್ಲಿ ಮಾಡಿಕೊಡುತ್ತೇವೆ ಅಂದರೆ ಆರ್ಡರು ಬಂದು ಬೀಳುತ್ತದೆ ಎಂದಳು.

"ಅದು ಪೂಜೆದು ಕಣೇ, ಬೇಡ," ಅಂದೆ.

"ಈ ಕಾಲ್ದಲ್ಲಿ ಯಾರು ಕೇಳ್ತಾರೆ ಶಶಿ? ವರ್ಷವಿಡೀ ನಿನ್ ಕೈಯಿಂದಾನೇ ತಿಂತಿಲ್ವಾ?"

ಅದೂ ನಿಜ ಅನ್ನಿಸಿತು. ಅವಳ ಅತ್ತೆ ಮುನಿತಾಯಮ್ಮ ಕೂಡ ನನ್ನನ್ನು "ಬಾವ್ವ, ಕಾಫಿ ಕುಡಿ" ಎಂದು ಮಾತನಾಡಿಸುವವರೇ. ಒಪ್ಪಿದೆ. ಒಪ್ಪಿದ ಮೇಲೆ ಸುಳ್ಳು ಮಡಿ ಮಾಡುವವಳಲ್ಲ ನಾನು. ನಮ್ಮ ಮನೆಯಲ್ಲಿ ನೋಮುಲು ಇಲ್ಲ, ಆದರೂ ಪಾಕ ಹಿಡಿಯುವ ದಿನ ತಲೆಗೆ ನೀರು ಹಾಕಿಕೊಂಡು, ಒಂದು ತೊಟ್ಟು ಕಾಫಿಯನ್ನೂ ಬಾಯಿಗೆ ಬಿಡದೆ ಹಿಟ್ಟು ಕಲಸಿದೆ. ಕೊಟ್ಟಿಗೆಯ ಗೋಡೆ ಉದ್ದಕ್ಕೂ ಹಿಟ್ಟಿನ ಪಾತ್ರೆಗಳು ಬಟ್ಟೆ ಕಟ್ಟಿಸಿಕೊಂಡು ಕೂತವು.

ಹಬ್ಬಕ್ಕೆ ಇನ್ನು ಕೆಲವೇ ದಿನ ಇರುವಾಗ ಎಂದಿನಂತೆ ಫೋನು ಮಾಡಲು ಕೂತೆ. ದೊಡ್ಡ ಆರ್ಡರು ನೀಲಗಂಗಮ್ಮನವರದು. ಮುನಿತಾಯಮ್ಮನ ಅಕ್ಕ, ಬಸವೇಶ್ವರನಗರದಲ್ಲಿ ಇರುವವರು. ತಮ್ಮ ಬಳಗಕ್ಕೆಲ್ಲ ಸೇರಿಸಿ ಅವರೇ ಹೇಳಿದ್ದರು, ಅವರ ಮಾತಿನ ಮೇಲೆ ಇನ್ನೆಷ್ಟೋ ಮನೆಯವರು ಹೇಳಿದ್ದರು.

"ಗೌರಿ ಹಬ್ಬಕ್ಕೆ ನೀನೇ ಏನವ್ವ ಮಾಡಿದ್ದು? ಏನ್ ಕೈ ಕಣವ್ವ ನಿಂದು! ಬೆಣ್ಣೆ ಬೆಣ್ಣೆ!"

"ನಾನೇ ಅಜ್ಜಿ. ನೋಮುಲುದು ಇನ್ನೂ ಚೆನ್ನಾಗಿ ಮಾಡ್ತೀನಿ."

"ಯಾವೂರವ್ವ ನಿಮ್ದು?"

"ಈಗ ಬಾಪೂಜಿನಗರ ಅಜ್ಜಿ. ತವರು ಕೆಂಗೇರಿ ಆಚೆ."

"ಓ, ನಮ್ ಕಡೇನೇ! ಯಾರ ಮಗಳು?"

"ಬೈರಯ್ಯ ಅಂತ, ನಮ್ಮಪ್ಪ."

"ಯಾವ ಬೈರಯ್ಯ? ಮನೆ ಊರೊಳಗಾ?"

ಗೊತ್ತಾಯಿತು ನನಗೆ. ಚಿಕ್ಕಂದಿನಿಂದ ಕೇಳಿಸಿಕೊಂಡು ಬಂದ ಪ್ರಶ್ನೆ. ಆ ಕ್ಷಣ ಏನೋ ಒಂದು ಹೇಳಿ ಜಾರಬಹುದಿತ್ತು. ನಮ್ಮಪ್ಪ ಸಾಯುವವರೆಗೂ ಕಾರ್ಖಾನೆಯಲ್ಲಿ ದುಡಿದು ನನ್ನನ್ನು ಓದಿಸಿದವನು. ಅವನ ಮನೆ ಎಲ್ಲಿತ್ತು ಎಂದು ಹೇಳಲು ನಾನ್ಯಾಕೆ ತಡವರಿಸಲಿ?

"ಇಲ್ಲ ಅಜ್ಜಿ, ಕಾಲೋನಿ. ನಾವು ಎಸ್ಸಿ."

ಆ ಕಡೆ ಟಿವಿಯ ಸದ್ದು ತಗ್ಗಿತು.

"ಆಯ್ತವ್ವ. ಒಲೆ ಮೇಲೆ ಹಾಲಿಟ್ಟಿದೀನಿ," ಎಂದು ಫೋನಿಟ್ಟರು.

ಮಾರನೆಯ ಬೆಳಿಗ್ಗೆ ನಾನು ಕೊಟ್ಟಿಗೆಗೆ ಬರುವಷ್ಟರಲ್ಲಿ ನೀಲಗಂಗಮ್ಮ ಆಟೋ ಮಾಡಿಕೊಂಡು ಬಂದು ದಿವ್ಯಳ ಮನೆಯ ಹಜಾರದಲ್ಲಿ ಕೂತಿದ್ದರು. ಅವರ ಗಂಟಲು ಹೊರಗಿನವರೆಗೂ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ದಿವ್ಯ ಬಂದಳು. ಕಣ್ಣು ಕೆಂಪಗಿತ್ತು.

"ನೀನ್ಯಾಕೆ ಹೇಳಕ್ಕೆ ಹೋದೆ ಶಶಿ?"

"ಕೇಳಿದ್ರು, ಹೇಳ್ದೆ. ನಮ್ಮಪ್ಪನ ಹೆಸರು ಹೇಳಕ್ಕೆ ನಿನ್ನ ಪರ್ಮಿಷನ್ ತಗೋಬೇಕಾ?"

"ಹಂಗಲ್ಲ ಕಣೇ. ಬೆಳಿಗ್ಗೆಯಿಂದ ಎಲ್ರೂ ಬೇಡ ಬೇಡ ಅಂತ ಮೆಸೇಜ್ ಹಾಕ್ತಾವ್ರೆ. ಅತ್ತೆ ನನ್ ಮೇಲೆ ರೇಗ್ತಾ ಇದಾರೆ. ನಾನು ಅವ್ರಿಗೆ ಮೊದ್ಲೇ ಹೇಳ್ಬಿಟ್ಟಿದ್ದೆ..."

"ಏನಂತ?"

ಅವಳು ಸೆರಗಿನ ತುದಿ ನೋಡತೊಡಗಿದಳು.

"ನಮ್ಮವರೇ ಅಂತ."

ಥೂ! ಇಷ್ಟು ವರ್ಷ ನಾನು ಕುಡಿದ ಕಾಫಿ ನನ್ನದಲ್ಲ, ಅವಳು ಹೇಳಿದ ಸುಳ್ಳಿನದು. ಮುನಿತಾಯಮ್ಮ ಬಾವ್ವ ಎಂದು ಕರೆದದ್ದು ಯಾರನ್ನೋ. ಯಾವ ಮಾತಿಗೂ ಜಗ್ಗದ ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಗೋಡೆ ಉದ್ದಕ್ಕೂ ಹಿಟ್ಟು ಕೂತಿತ್ತು. ಸುಡದಿದ್ದರೆ ಹುಳಿ ಬರುತ್ತದೆ. ಹಬ್ಬ ಮುಳುಗಿದರೆ ಅಂಗಡಿಯೂ ಮುಳುಗುತ್ತದೆ.

ದಿವ್ಯ ದಾರಿ ಹುಡುಕಿಕೊಂಡೇ ಬಂದಿದ್ದಳು. ಹೇಳಲು ಒದ್ದಾಡುತ್ತಿದ್ದಳು, ಅಷ್ಟೇ.

"ಹಿಟ್ಟು ನಿಂದೇ ಇರ್ಲಿ. ಸುಡೋದು ಮಾತ್ರ ಅತ್ತೆ ಸುಡ್ತಾರೆ, ಮಡಿಯುಟ್ಕೊಂಡು. ನಾನು ವಿಡಿಯೋ ಮಾಡಿ ಗ್ರೂಪಿಗೆ ಹಾಕ್ತೀನಿ. ದೊಡ್ಡತ್ತೆನೂ ಒಪ್ಕೊಂಡ್ರು."

"ಹಿಟ್ಟು ನಾನು ಕಲಸಿದ್ದು ಅಂತ ಅವ್ರಿಗೆ ಗೊತ್ತಾ?"

"ಅತ್ತೆಗೆ ಗೊತ್ತು. ಎಣ್ಣೆಗೆ ಬಿದ್ಮೇಲೆ ಮೈಲಿಗೆ ಇರಲ್ಲ ಅಂದ್ರು. ದೊಡ್ಡತ್ತೆಗೆ ಹೇಳಿಲ್ಲ."

"ಮೊಣಕೈವರೆಗೂ ಕೈ ಹಾಕಿ ಕಲಸಿದೀನಿ ಕಣೇ ಅದನ್ನ! ಅದು ನಡಿಯುತ್ತೆ, ಜಾಲರಿ ಸೌಟು ಹಿಡಿದ್ರೆ ಮಾತ್ರ ನಡಿಯಲ್ವಾ?"

"ಈ ವರ್ಷ ಒಂದು ದಾಟ್ಲಿ ಶಶಿ. ಅಂಗಡಿಗೋಸ್ಕರ. ಕಾಲಿಗೆ ಬೀಳ್ತೀನಿ."

ಆ ದಿನ ಮನೆಗೆ ಬಂದು ಮಹದೇವನಿಗೆ ಹೇಳಿದೆ. ಅವನು ಗ್ರೀಸು ಹತ್ತಿದ ಕೈ ಒರೆಸಿಕೊಂಡ. ಆಮೇಲೆ, "ಹೋಗ್ಬೇಡ ಇನ್ಮೇಲೆ" ಅಂದ. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ಅಥವಾ ಏನೋ ಒಂದು ಸುಳ್ಳು ಹೇಳ್ಬೇಕಿತ್ತು" ಅಂದ. ಎರಡೂ ನನ್ನ ಕೈಯಲ್ಲಿ ಆಗಲಿಲ್ಲ. ಸುಳ್ಳು ಹೇಳಿರಲಿಲ್ಲ, ಹೋಗದೆ ಇರಲೂ ಇಲ್ಲ.

ಸುಡುವ ದಿನ ಮುನಿತಾಯಮ್ಮ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಒಲೆಯ ಮುಂದೆ ಕೂತರು. ಮಡಿ ಅಲ್ಲವೇ, ನನ್ನನ್ನು ಹೊರಗೆ ನಿಲ್ಲಲು ಹೇಳಿದರು. ಮೂರು ವರ್ಷ ನಾನು ತೊಳೆದು ಬಳಿದ ಅಡಿಗೆಮನೆಯ ಕಿಟಕಿಯ ಆಚೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ನಿಂತೆ. ಮುನಿತಾಯಮ್ಮನಿಗೆ ಕಜ್ಜಾಯ ಸುಟ್ಟು ಎಷ್ಟು ಕಾಲವಾಗಿತ್ತೋ. ಮೊದಲನೆಯದು ಸೀದುಹೋಯಿತು. ಎರಡನೆಯದು ಮಧ್ಯದಲ್ಲಿ ಹಸಿ.

ಕೆಟ್ಟರೆ ಕೆಡಲಿ ಎಂದು ನಿಲ್ಲಬೇಕಿತ್ತು ನಾನು. ಆಗಲಿಲ್ಲ. ಹಿಟ್ಟು ನನ್ನದಲ್ಲವೇ.

"ಉರಿ ತಗ್ಸಿ ಅಮ್ಮ," ಎಂದು ಕಿಟಕಿಯಿಂದ ಕೂಗಿದೆ. "ಎಲೆ ಮೇಲೆ ಇನ್ನೊಂಚೂರು ತೆಳ್ಳಗೆ ತಟ್ಟಿ. ಎಣ್ಣೆ ಒತ್ತಿ ತೆಗೀರಿ. ಹಾಂ, ಹಂಗೇ."

ಅವರು ನನ್ನ ಕಡೆ ನೋಡದೆ, ಹೇಳಿದ ಹಾಗೇ ಮಾಡಿದರು. ಲತಾ ಪಕ್ಕದಲ್ಲಿ ಉಂಡೆ ಕಟ್ಟಿಕೊಡುತ್ತಿದ್ದಳು. ದಿವ್ಯ ವಿಡಿಯೋ ಮಾಡುವಾಗ ನನ್ನ ಧ್ವನಿ ಬರುತ್ತದೆ, ಸ್ವಲ್ಪ ಸುಮ್ಮನಿರು ಎಂದು ಸನ್ನೆ ಮಾಡಿದಳು. ಸುಮ್ಮನಾದೆ. ಬಿಸಿಲು ನೆತ್ತಿಗೆ ಬಂದಿತ್ತು, ನಾನೂ ಉಪವಾಸವೇ ಇದ್ದೆ, ಯಾಕೆ ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಸಂಜೆಯ ಹೊತ್ತಿಗೆ ಡಬ್ಬಗಳೆಲ್ಲ ತುಂಬಿ ಗಾಡಿಗಳಲ್ಲಿ ಹೋದವು. ಬೇಡ ಎಂದವರೂ ವಿಡಿಯೋ ನೋಡಿ ಮತ್ತೆ ಕೇಳಿದ್ದರು.

ಹಬ್ಬ ಮುಗಿದು ಬಲಿಪಾಡ್ಯಮಿ ಕಳೆದ ಮೇಲೆ ಪಾತ್ರೆ ತೊಳೆದಿಡಲು ಹೋದೆ. ಅಂಗಡಿಯ ಮಾತನ್ನೂ ಮುಗಿಸಬೇಕಿತ್ತು. ದಿವ್ಯ ಉಳಿದ ಡಬ್ಬ ಜೋಡಿಸುತ್ತಾ ಕೂತಿದ್ದಳು. ಅವಳ ಫೋನು ಬಡಿದುಕೊಂಡಿತು. ಕೈ ಖಾಲಿ ಇರಲಿಲ್ಲ, ಸ್ಪೀಕರಿಗೆ ಹಾಕಿದಳು. ನೀಲಗಂಗಮ್ಮ.

"ದಿವ್ಯಾ, ಏನ್ ಕಜ್ಜಾಯ ಕಣೇ ಮುನಿತಾಯಿದು! ಗೌರಿ ಹಬ್ಬದ್ದು ತಿಂದಾಗ್ಲೇ ನಂಗೆ ಏನೋ ಒಂಥರಾ ಅನ್ಸಿತ್ತು. ಬಾಯಿಗಿಟ್ರೆ ಗೊತ್ತಾಗಲ್ವಾ? ನಮ್ಮವರ ಕೈ ರುಚಿನೇ ಬೇರೆ, ಏನಂತೀಯಾ?"

ನಾನು ಬಾಣಲೆ ಉಜ್ಜುವುದು ನಿಲ್ಲಿಸಿದೆ. ದಿವ್ಯ ನನ್ನನ್ನು ನೋಡಿದಳು. ನೋಡಿಕೊಂಡೇ ನಕ್ಕಳು, ಫೋನಿಗೆ.

"ಹೌದು ದೊಡ್ಡತ್ತೆ. ಬೇರೇನೇ."

ಉಳಿದದ್ದನ್ನೆಲ್ಲ ನುಂಗಿಕೊಂಡಿದ್ದೆ ನಾನು. ಕಿಟಕಿಯಾಚೆ ನಿಂತದ್ದನ್ನು, ಆ 'ನಮ್ಮವರೇ' ಎಂಬ ಸುಳ್ಳನ್ನು. ಡಬ್ಬಿಗೆ ಕೈ ಹಾಕಿ ತಿಂದು ಬೆಳೆದವಳ ಬಾಯಲ್ಲಿ ಬಂದ ಆ 'ಹೌದು' ಮಾತ್ರ ಇಳಿಯಲಿಲ್ಲ.

"ಹೌದು ಅಂದ್ಯಲ್ಲೇ, ನನ್ ಮುಖ ನೋಡ್ಕೊಂಡು!"

"ಇನ್ನೇನ್ ಹೇಳ್ಲಿ ಶಶಿ? ಬಿಸಿನೆಸ್ ಕಣೇ. ಇಷ್ಟು ಕಷ್ಟಪಟ್ಟಿದೀವಿ, ಒಂದು ಮಾತಿಗೆ ಹಾಳು ಮಾಡ್ಕೊಳಕ್ಕಾಗುತ್ತಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ಅಂಗಡಿದೂ ಹೇಳ್ಬೇಕಿತ್ತು. ಬೋರ್ಡಲ್ಲಿ ಸದ್ಯಕ್ಕೆ ನಿನ್ ಹೆಸರು ಬೇಡ ಅಂತಾರೆ ಮನೇಲಿ. ನೀನು ಒಳಗಡೆ ನೋಡ್ಕೋ. ಪಾಲು ಮೊದಲಿನ ಹಂಗೇ. ಪ್ರಾಮಿಸ್."

"ಪಾಲು ಬೇಡ. ಹೆಸರು ಕೊಡ್ತೀಯಾ?"

ಅವಳು ಡಬ್ಬದ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದಳು.

"ಕೊಡಲ್ಲ ಅಲ್ವಾ. ಸರಿ ಬಿಡು," ಎಂದು ಕೈ ತೊಳೆದುಕೊಂಡು ಹೊರಟೆ. ಗೇಟಿನ ಹತ್ತಿರ ಸಂಪತ್ ಎದುರಾಗಿ, "ಯಾಕಕ್ಕ, ಇಷ್ಟು ಬೇಗ?" ಎಂದ. ಅವನನ್ನು ದಾಟಿಕೊಂಡು ನಡೆದುಬಿಟ್ಟೆ.

ಮನೆಯಲ್ಲಿ ಕೂತು ಕಾದೆ. ಮುಚ್ಚಿಡುವುದೇನು, ಅವರು ಹಾಳಾಗಲಿ ಎಂದು ಕಾದೆ. ಪಾಕ ಕೆಡುತ್ತದೆ, ಎಣ್ಣೆಯಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ, ಸಂಪತ್‌ನ ಎಲ್ಲಾ ಬೋರ್ಡುಗಳ ಗತಿಯೇ ಇದಕ್ಕೂ ಆಗುತ್ತದೆ, ಆಗ ದಿವ್ಯ ನಮ್ಮ ವಠಾರದ ಮೆಟ್ಟಿಲು ಹತ್ತಿ ಬರುತ್ತಾಳೆ ಎಂದು ದಿನಾ ಲೆಕ್ಕ ಹಾಕಿದೆ. ಅವಳು ಬಂದರೆ ಏನು ಬೈಯಬೇಕು ಎಂದೂ ಜೋಡಿಸಿಟ್ಟುಕೊಂಡಿದ್ದೆ. ಮಹದೇವ್, "ನೀನೇ ಇಲ್ಲಿ ಶುರು ಮಾಡು" ಎಂದ. ಶುರು ಮಾಡಬಹುದು. ಬೆಲ್ಲದವನು, ಡಬ್ಬದವನು, ಅಪಾರ್ಟ್‌ಮೆಂಟಿನ ಗೇಟು, ಎಲ್ಲಾ ಮತ್ತೆ ಮೊದಲಿನಿಂದ. ಫೋನಿನಲ್ಲಿ ಯಾರ ಮಗಳು ಎಂದು ಕೇಳುವ ಅಜ್ಜಿಯರೂ ಮೊದಲಿನಿಂದ. ನನಗೆ ಕೈ ಏಳಲಿಲ್ಲ. ಸೂಪರ್ ಮಾರ್ಕೆಟ್ಟಿನವರು ಹಳೆಯ ಕೌಂಟರನ್ನೇ ಕೊಟ್ಟರು.

ಸಂಕ್ರಾಂತಿಯ ಹೊತ್ತಿಗೆ ತಡೆಯಲಾಗದೆ ಅನ್ನಪೂರ್ಣೇಶ್ವರಿ ನಗರಕ್ಕೆ ಹೋದೆ. ಬಸ್ ಸ್ಟಾಪಿನ ಎದುರಿಗೇ ಅಂಗಡಿ. ಬೋರ್ಡಿನಲ್ಲಿ 'ದಿವ್ಯ ಕಜ್ಜಾಯ' ಎಂದಿತ್ತು, ಪಕ್ಕದಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಮುನಿತಾಯಮ್ಮನ ಫೋಟೋ. ಜನ ಸಾಲಾಗಿ ನಿಂತಿದ್ದರು. ಒಳಗೆ ಲತಾ ಸುಡುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. ನಾನೂ ಸಾಲಿನಲ್ಲಿ ನಿಂತು, ಎಲ್ಲರ ಹಾಗೆ ದುಡ್ಡು ಕೊಟ್ಟು ತೆಗೆದುಕೊಂಡೆ.

ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಎಲ್ಲಾದರೂ ಏನಾದರೂ ತಪ್ಪಿರಲೇಬೇಕು ಎಂದು ನಿಧಾನಕ್ಕೆ ಅಗಿದೆ. ಪಾಕ ಸರಿಯಾಗಿತ್ತು. ಎಣ್ಣೆಯನ್ನು ಲತಾ ಚೆನ್ನಾಗಿ ಒತ್ತಿ ತೆಗೆದಿದ್ದಳು. ಇನ್ನೊಂದು ತಿಂದೆ. ಅದರಲ್ಲೂ ತಪ್ಪಿರಲಿಲ್ಲ. ಹಾಗೆ ತಪ್ಪದ ಹಾಗೆ ಕಲಿಸಿದವಳು ನಾನೇ.